ಮುಕ್ಕಾಲು ತಾಸು ಮೊದಲೇ ಆದ ಆಜಾನ್

"ಇದ್ಯಾವ ನಮಾಜು?"

ನಾನಿ ನನ್ನ ತೋಳು ಹಿಡಿದು ಕೇಳಿದಾಗ ಮೊಬೈಲಿನಲ್ಲಿ ಮೂರು ನಲವತ್ತು. ಮಂಗಳೂರಿನ ಬಂದರಿನ ಓಣಿಯೊಂದರಲ್ಲಿ ಒಣಮೆಣಸಿನ ಘಾಟಿಗೆ ಇಬ್ಬರೂ ಸೀನುತ್ತ ನಿಂತಿದ್ದೆವು. ಆಜಾನ್ ನಿಚ್ಚಳವಾಗಿ ಕೇಳುತ್ತಿದೆ. ಮಧ್ಯಾಹ್ನದ ಜೊಹರ್ ಯಾವಾಗಲೋ ಮುಗಿದಿದೆ, ಇಳಿಹೊತ್ತಿನ ಅಸರ್‌ಗೆ ಇನ್ನೂ ಮುಕ್ಕಾಲು ತಾಸಿದೆ. ಹುಬ್ಬಳ್ಳಿಯ ಮನೆಯಲ್ಲಿ ಬಿಸಿಲು ಪಡಸಾಲೆಯ ಎಷ್ಟನೇ ಫರಸಿಗೆ ಬಂದಿದೆ ಎಂದು ನೋಡಿಯೇ ಹೊತ್ತು ಹೇಳುವ ನಾನಿ ಇಲ್ಲೂ ತೀರ್ಪು ಕೊಟ್ಟಳು: "ಮೌಜನ್‌ಗ ಹೊತ್ತು ತಪ್ಪೇತಿ."

ಆಟೊದವರು ನಕ್ಕರು. "ತಪ್ಪಿದ್ದಲ್ಲ ಉಮ್ಮಾ. ನೀವು ಹನಫಿಯವರಲ್ವಾ? ನಾವು ಶಾಫಿ. ಕಂಬದ ನೆರಳು ಕಂಬದಷ್ಟೇ ಉದ್ದ ಬಿದ್ರೆ ನಮಗೆ ಅಸರ್ ಆಯ್ತು. ನಿಮಗೆ ಎರಡು ಪಾಲು ಬೀಳ್ಬೇಕು. ಇಲ್ಲಿ ಹೆಚ್ಚಿನ ಪಳ್ಳಿಯಲ್ಲೂ ಹೀಗೇ ಉಂಟು."

ಅಷ್ಟೇ. ಒಂದು ನೆರಳಿನ ಲೆಕ್ಕ. ಆದರೆ ನನಗೆ ತಲೆಯೊಳಗೆ ಯಾರೋ ಕಿಟಕಿ ತೆಗೆದ ಹಾಗಾಯಿತು. ಧರ್ಮಶಾಸ್ತ್ರದಲ್ಲಿ ಬಯಲುಸೀಮೆಯ ನಮ್ಮ ಹನಫಿ ಪದ್ಧತಿ ಮಧ್ಯ ಏಷ್ಯಾದಿಂದ ದಿಲ್ಲಿ, ದಿಲ್ಲಿಯಿಂದ ದಖ್ಖನ್ ಎಂದು ಕುದುರೆಯ ಬೆನ್ನೇರಿ ನೆಲದ ಮೇಲೆ ಬಂದದ್ದು. ಶಾಫಿ ಪದ್ಧತಿ ಯೆಮನ್ನಿನ ಕಡೆಯಿಂದ ಹಡಗಿನಲ್ಲಿ ಬಂದದ್ದು. ಭಟ್ಕಳದ ನವಾಯತರು ಶಾಫಿ, ಮಲಬಾರಿನ ಮಾಪಿಳ್ಳೆಗಳು ಶಾಫಿ, ಲಕ್ಷದ್ವೀಪ ಶಾಫಿ, ಆಚೆ ಇಂಡೋನೇಷ್ಯಾ, ಈಚೆ ಪೂರ್ವ ಆಫ್ರಿಕಾದ ಕರಾವಳಿ, ಎಲ್ಲ ಶಾಫಿ! ಮುಂಗಾರಿನ ಗಾಳಿ ಹಾಯಿಯನ್ನು ಎಲ್ಲೆಲ್ಲಿಗೆ ನೂಕಿತೋ ಅಲ್ಲೆಲ್ಲ ಅಸರ್ ಬೇಗ ಆಗುತ್ತದೆ. ಆ ಮುಕ್ಕಾಲು ತಾಸಿನೊಳಗೆ ಒಂದಿಡೀ ಸಮುದ್ರ ಕೂತಿತ್ತು, ನಾವು ಸೀನುತ್ತ ನಿಂತಿದ್ದೆವು.

ನಾವು ಬಂದದ್ದು ಇದಕ್ಕಲ್ಲ. ಮೊಮ್ಮಗಳ ಹೆರಿಗೆ ಸುಸೂತ್ರವಾದರೆ ಉಳ್ಳಾಲದ ದರ್ಗಾಕ್ಕೆ ಬಂದು ಚಾದರ ಹೊದಿಸುತ್ತೇನೆಂದು ನಾನಿ ಹರಕೆ ಹೊತ್ತಿದ್ದಳು. ಹೆರಿಗೆ ಆಯಿತು, ಕೂಸು ಅತ್ತಿತು, ರಾತ್ರಿ ಬಸ್ಸು ಹತ್ತಿದೆವು. ಒಂದು ದಿನ ಝಿಯಾರತ್, ಮರುದಿನ ವಾಪಸು, ಇಷ್ಟೇ ಲೆಕ್ಕ. ಲಕ್ಷ್ಮೇಶ್ವರದ ದೂದನಾನಾ, ವಿಜಯಪುರ, ಕಲಬುರಗಿ ಎಲ್ಲ ಕಂಡ ನಾನಿಗೆ ದರ್ಗಾ ಹೊಸತಲ್ಲ, ನನಗೆ ಇತಿಹಾಸ ಹೊಸತಲ್ಲ ಎಂಬ ಜಂಬ ಬೇರೆ. ಗೋಲಗುಮ್ಮಟದ ನೆರಳಿನ ಸೀಮೆಯವರು ನಾವು; ಇಸ್ಲಾಂ ಎಂದರೆ ಕೋಟೆ, ಕುದುರೆ, ಉರ್ದು ಎಂದೇ ತಿಳಿದವರು. ಮಂಗಳೂರಿನಲ್ಲಿ ಇಳಿದ ಅರ್ಧ ದಿನದಲ್ಲಿ ಮೂರೂ ಕೈಬಿಟ್ಟವು.

ಮೊದಲು ಹೋದದ್ದು ಉರ್ದು. ಬಂದರಿನ ಅಂಗಡಿಯಲ್ಲಿ ನಾನಿ ಠೀವಿಯಿಂದ ಉರ್ದುವಿನಲ್ಲಿ ಖರ್ಜೂರದ ದರ ಕೇಳಿದಳು. ಬಿಳಿ ಟೊಪ್ಪಿಯ ಮುದುಕರು ಕಣ್ಣು ಪಿಳುಕಿಸಿ, ಪಕ್ಕದವರ ಹತ್ತಿರ ಬೇರೆಯೇ ಒಂದು ಭಾಷೆಯಲ್ಲಿ ಏನೋ ಅಂದು, ಆಮೇಲೆ ಪುಸ್ತಕದಂಥ ಕನ್ನಡದಲ್ಲಿ "ಎಷ್ಟು ಬೇಕಿತ್ತು ನಿಮಗೆ?" ಎಂದರು. ನಾನಿ ನನ್ನ ಕಿವಿಯಲ್ಲಿ, "ಇವ್ರಿಗೆ ಉರ್ದು ಬರಂಗಿಲ್ಲೇನ?" ಬರುವುದಿಲ್ಲ! ಅದು ಬ್ಯಾರಿ. ಮಲಯಾಳದ ಬೇರು, ತುಳುವಿನ ರೆಂಬೆ, ಅರಬ್ಬಿಯ ಹೂವು. ತುಳುವಿನಲ್ಲಿ 'ಬ್ಯಾರ' ಎಂದರೆ ವ್ಯಾಪಾರ, ಜನದ ಹೆಸರೂ ಭಾಷೆಯ ಹೆಸರೂ ಅದರಿಂದಲೇ ಬಂದವೆಂದು ಇಲ್ಲಿಯವರ ಮಾತು. 2007ರಲ್ಲಿ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿಯನ್ನು ಕಟ್ಟಿತು. 2011ರ 'ಬ್ಯಾರಿ' ಎಂಬ ಸಿನಿಮಾ ದೇಶದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಮರಾಠಿ ಚಿತ್ರವೊಂದರ ಜತೆ ಹಂಚಿಕೊಂಡಿತು. ನಾನು ಪತ್ರಿಕೆಯಲ್ಲಿ ಅದನ್ನು ಓದಿದ್ದೆ. ಓದುವುದು ಬೇರೆ, ಖರ್ಜೂರದ ಅಂಗಡಿಯಲ್ಲಿ ಸ್ವಂತ ನಾನಿ ತಬ್ಬಿಬ್ಬಾಗುವುದನ್ನು ನೋಡುವುದು ಬೇರೆ.

ಅಲ್ಲಿಂದ ಝೀನತ್ ಬಕ್ಷ್ ಜುಮಾ ಮಸೀದಿ. ನಾನಿ ಎದುರಿನ ಅಂಗಡಿಯ ಬೆಂಚಿನ ಮೇಲೆ ಕೂತಳು, ನಾನು ವಜೂ ಮಾಡಿ ಒಳಗೆ ಹೋದೆ. ಗುಮ್ಮಟಕ್ಕಾಗಿ ಕತ್ತೆತ್ತಿದರೆ ಮರ! ತೇಗದ 16 ಕಂಬಗಳು, ಮೇಲೆ ಮರದ ಮುಚ್ಚಿಗೆ, ಒಂದೊಂದು ಕಂಬದಲ್ಲೂ ಎಲೆ, ಬಳ್ಳಿ, ಹೂವಿನ ಕೆತ್ತನೆ. ಮನುಷ್ಯನದಾಗಲಿ ಪ್ರಾಣಿಯದಾಗಲಿ ಒಂದು ರೂಪವಿಲ್ಲ. ಆದರೆ ಕೈಯ ಹದ? ಮೂಡುಬಿದಿರೆಯ ಬಸದಿಗಳ ಕಂಬ ಮುಟ್ಟಿ ಬಂದವರಿಗೆ ಇಲ್ಲಿ ಬೆರಳಿಗೆ ಪರಿಚಯ ಹತ್ತುತ್ತದೆ. ನಾನು ಅಂಗೈ ಇಟ್ಟೆ. ತಲೆತಲಾಂತರದ ಕೈಗಳು ಸವರಿ ಸವರಿ ಅಷ್ಟು ಎತ್ತರದಲ್ಲಿ ಮಾತ್ರ ಮರ ನುಣ್ಣಗೆ, ಕನ್ನಡಿಯಷ್ಟು ನುಣ್ಣಗೆ ಆಗಿದೆ. ಅದಕ್ಕಿಂತ ಗೇಣು ಮೇಲೆ ಉಳಿಯ ಗುರುತು ಇನ್ನೂ ಚುಚ್ಚುತ್ತದೆ.

ಮಸೀದಿಯ ಪರಂಪರೆ ಹೇಳುವಂತೆ ಇದರ ಮೊದಲ ಕಟ್ಟಡ ಕ್ರಿ.ಶ. 644ರದು, ಕಟ್ಟಿಸಿದವರು ಮಾಲಿಕ್ ದೀನಾರರ ಬಳಗ, ಮೊದಲ ಖಾಜಿ ಮೂಸಾ ಬಿನ್ ಮಾಲಿಕ್. ಕೊಡುಂಗಲ್ಲೂರು, ಕಾಸರಗೋಡಿನ ತಳಂಗರೆ, ಇಲ್ಲಿ, ಹೀಗೆ ಕರಾವಳಿಯುದ್ದಕ್ಕೂ ಅದೇ ಬಳಗದ ಮಸೀದಿಗಳ ಸರಮಾಲೆ. ಈ ಇಸವಿಯನ್ನು ಇತಿಹಾಸಕಾರರು ಪರಂಪರೆ ಎಂದೇ ಬರೆಯುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ. ಊರವರ ಬಾಯಲ್ಲಿ ಇದು 'ಬೆಲಿಯ ಪಳ್ಳಿ', ದೊಡ್ಡ ಮಸೀದಿ. ಟಿಪ್ಪು ಸುಲ್ತಾನ್ ಜೀರ್ಣೋದ್ಧಾರ ಮಾಡಿಸಿ ಮಗಳ ಹೆಸರಿಟ್ಟನಂತೆ. ಬಂತಲ್ಲ ಕೊನೆಗೂ ನಮ್ಮ ಕುದುರೆ, ಅಂದುಕೊಂಡೆ. ಆದರೆ ಪರಂಪರೆಯ ಲೆಕ್ಕ ಹಿಡಿದರೆ ಕುದುರೆ ಬರುವಷ್ಟರಲ್ಲಿ ಮಸೀದಿಗೆ ಸಾವಿರದ ನೂರು ವರ್ಷ!

ಪರಂಪರೆ ಬೇಡ, ಕಣ್ಣಾರೆ ಕಂಡವರು ಬೇಕು ಎನ್ನುವವರಿಗೆ ಇಬ್ನ್ ಬತೂತ ಇದ್ದಾನೆ. 1342ರ ಸುಮಾರಿಗೆ ಈ ಊರಿಗೆ ಬಂದ. ಅವನ ಬಾಯಲ್ಲಿ ಇದು 'ಮಂಜರೂರ್'. ಫಾರಸಿನ ಮತ್ತು ಯೆಮನ್ನಿನ ವ್ಯಾಪಾರಿಗಳು ಇಳಿಯುವ ಊರು, ಮೆಣಸು ಶುಂಠಿಗೆ ಬರವಿಲ್ಲದ ಊರು, ರಾಮದೇವನೆಂಬ ರಾಜ, ಊರ ಬದಿಯ ಕೇರಿಯಲ್ಲಿ ಸುಮಾರು 4000 ಮುಸಲ್ಮಾನರು. ಇವರಿಗೂ ಊರವರಿಗೂ ಆಗಾಗ ಜಗಳ ಹತ್ತುತ್ತದೆ, ವ್ಯಾಪಾರಿಗಳು ಬೇಕಾದ್ದರಿಂದ ರಾಜನೇ ನಡುವೆ ಬಂದು ರಾಜಿ ಮಾಡಿಸುತ್ತಾನೆ ಎಂದೂ ಬರೆಯುತ್ತಾನೆ. ಮನುಷ್ಯ ಬಲು ಹುಷಾರು. ರಾಜ ತನ್ನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳಿಸುವ ತನಕ ನೆಲಕ್ಕೆ ಕಾಲಿಡಲಿಲ್ಲ, ಇಳಿದ ಮೇಲೆ ಮೂರು ದಿನ ಆದರಾತಿಥ್ಯ ಉಂಡ! ಮತ್ತು ಅವನನ್ನು ಇಳಿಯುವಂತೆ ಒತ್ತಾಯಿಸಿದ ಖಾಜಿ ಬದ್ರುದ್ದೀನ್ ಅಲ್ ಮಅಬರಿ ಯಾವ ಪದ್ಧತಿಯವರು ಗೊತ್ತೇ? ಶಾಫಿ. ಆಟೊದವರ ನೆರಳಿನ ಲೆಕ್ಕ ಅವತ್ತೂ ಇದೇ ಬಂದರಿನಲ್ಲಿ ನಡೆಯುತ್ತಿತ್ತು.

ಅದಕ್ಕೂ ಇನ್ನೂರು ವರ್ಷ ಹಿಂದೆ ಟ್ಯುನೀಷ್ಯಾದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಇಲ್ಲಿ ಕಂಚಿನ ಕಾರ್ಖಾನೆ ನಡೆಸುತ್ತಿದ್ದ. 1132ರಲ್ಲಿ ಅಶು ಎಂಬ ಇಲ್ಲಿಯ ಹೆಣ್ಣನ್ನು ದಾಸ್ಯದಿಂದ ಬಿಡಿಸಿದ ಪತ್ರ ಇಂದಿಗೂ ಉಳಿದಿದೆ. ಅವನ ಆಳು ಬೊಮ್ಮ ಸರಕು ಹೊತ್ತು ಏಡನ್ನಿಗೆ ಹೋಗಿಬರುತ್ತಿದ್ದ. ಕೈರೋದ ಹಳೆಯ ಸಿನಗಾಗಿನ ಕಾಗದದ ರಾಶಿಯಲ್ಲಿ ಸಿಕ್ಕಿದ ಈ ಪತ್ರಗಳ ಬೆನ್ನುಹತ್ತಿ ಅಮಿತಾವ್ ಘೋಷ್ ಮಂಗಳೂರಿಗೇ ಬಂದರು, 1992ರಲ್ಲಿ ಪುಸ್ತಕವನ್ನೇ ಬರೆದರು. ಬೊಮ್ಮನ ಹೆಸರಿನಲ್ಲಿ ತುಳುನಾಡಿನ ದೈವ ಬೆರ್ಮೆರನ್ನು ಗುರುತಿಸಿದರು. ಹೊರಗೆ ಬಂದು ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದರೆ ನಾನಿ, "ಹಸಿವು ಆಗೇತಿ" ಎಂದಳು.

ದಕ್ಕೆಯ ಹತ್ತಿರದ ಸಣ್ಣ ಹೋಟೆಲು. ಕುಚ್ಚಲಕ್ಕಿ ಅನ್ನ ನೋಡಿ ನಾನಿ, "ಇದು ಇನ್ನೂ ಬೆಂದಿಲ್ಲ" ಎಂದಳು. ರೊಟ್ಟಿ ಉಂಟಾ ಎಂದರೆ ತಂದಿಟ್ಟದ್ದು ಕೋರಿ ರೊಟ್ಟಿ, ಕಾಗದದಷ್ಟು ತೆಳು, ಮುಟ್ಟಿದರೆ ಪಟಪಟ ಮುರಿಯುವಂಥದು. ಜೋಳದ ರೊಟ್ಟಿ ಬಡಿದ ಕೈ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿತು. ಸಾರು ಸುರಿದು ಮೆತ್ತಗಾದ ಮೇಲೆ ತಿನ್ನಬೇಕೆಂದು ಪಕ್ಕದ ಮೇಜಿನವರು ಕಲಿಸಿದರು. ಬಂಗುಡೆ ಪುಳಿಮುಂಚಿ ಬಂತು. ಕೆಂಪು, ಹುಳಿ, ಖಾರ, ಕಣ್ಣಲ್ಲಿ ನೀರು. ಆಮೇಲೆ ಮರ್ವಾಯಿ ಸುಕ್ಕ. ಉಪ್ಪುನೀರಿನ ಕೆಸರಿನಿಂದ ಹೆಕ್ಕಿದ ಕಪ್ಪೆಚಿಪ್ಪು, ಹುರಿದ ತೆಂಗಿನತುರಿಯಲ್ಲಿ ಹೊರಳಿ, ಬಾಯಿ ತೆರೆದು ನಗುತ್ತಿದೆ. ನಾನಿ ಕೈ ಹಿಂದೆ ಎಳೆದಳು. ಹನಫಿ ಲೆಕ್ಕದಲ್ಲಿ ನೀರಿನ ಜೀವಿಗಳಲ್ಲಿ ಮೀನು ಮಾತ್ರ ಹಲಾಲು. ಸಿಗಡಿಯ ವಿಷಯದಲ್ಲೇ ಉಲೇಮಾಗಳಿಗೆ ಒಮ್ಮತವಿಲ್ಲ, ಚಿಪ್ಪಂತೂ ಇಲ್ಲವೇ ಇಲ್ಲ. ಶಾಫಿಯವರಿಗೆ ಸಮುದ್ರ ದೊಡ್ಡ ಬಟ್ಟಲು. ದಂಡೆಯ ಮೇಲೆ ಬಾಳುವವರಿಗೂ ಬಯಲಿನವರಿಗೂ ಧರ್ಮಶಾಸ್ತ್ರವೂ ಬೇರೆ ಬೇರೆ ರುಚಿಯಲ್ಲಿ ಒದಗಿದ್ದು ಕಾಕತಾಳೀಯವೋ ಏನೋ. ನಾನು ಮಾತ್ರ ನಾನಿ ಕೈ ತೊಳೆಯಲು ಎದ್ದಾಗ ಮೂರು ಚಿಪ್ಪು ಖಾಲಿ ಮಾಡಿದೆ.

ಹಳೆ ಬಂದರಿನಲ್ಲಿ ಮಂಜಿಗಳು! ಹೊಟ್ಟೆ ಉಬ್ಬಿದ ಮರದ ಹಡಗುಗಳಿಗೆ ಹಗ್ಗ ಬಿಗಿದು ಈರುಳ್ಳಿ, ಇಟ್ಟಿಗೆ, ಜಲ್ಲಿ, ತರಕಾರಿ ತುಂಬುತ್ತಿದ್ದರು. ಎಲ್ಲಿಗೆ? ಲಕ್ಷದ್ವೀಪಕ್ಕೆ. ಬರುವಾಗ ಕೊಬ್ಬರಿ ತರುತ್ತವೆ. ಮಳೆಗಾಲದಲ್ಲಿ, ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ, ಓಡಾಟ ಬಂದ್. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು ಟಿಪ್ಪುವಿನ ಕೈಗೆ ಬಂದು, 1799ರಲ್ಲಿ ಅವನು ಬಿದ್ದ ಮೇಲೆ ಕಂಪನಿಗೆ ಹೋಗಿ, 1956ರ ತನಕ ಮಂಗಳೂರಿನ ಕಲೆಕ್ಟರರ ಕೈಕೆಳಗೇ ಇದ್ದವು. ಅಂದರೆ ದಕ್ಷಿಣ ಕನ್ನಡ ಜಿಲ್ಲೆಗೆ ಒಂದು ಕಾಲದಲ್ಲಿ ಹವಳದ ದ್ವೀಪಗಳಿದ್ದವು! ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಹುಬ್ಬಳ್ಳಿಯ ಹೋಲ್‌ಸೇಲ್ ಬಜಾರಿನಲ್ಲಿ ಬೆಳೆದ ನನಗೆ ಅಲ್ಲಿಯ ಈರುಳ್ಳಿ ಗೋಣಿಚೀಲಗಳ ಮೇಲೆ ಕಣ್ಣು ಹೋಯಿತು. ನಮ್ಮ ಕಡೆಯ ಈರುಳ್ಳಿಯೇ ಇರಬಹುದು. ನನಗಿಂತ ಮೊದಲು ಸಮುದ್ರ ದಾಟುತ್ತಿತ್ತು.

ಮರುದಿನ ಬೆಳಿಗ್ಗೆ ಸ್ಟೇಟ್ ಬ್ಯಾಂಕಿನಿಂದ 44ನೇ ನಂಬರ್ ಬಸ್ಸು. ನೇತ್ರಾವತಿಯ ಸೇತುವೆ ಮೇಲೆ ಹತ್ತಿದ್ದೇ ತಡ ನಾನಿ ಕಿಟಕಿಗೆ ಹಣೆ ಒತ್ತಿದಳು. ಒಂದು ಕಡೆ ನದಿ, ಇನ್ನೊಂದು ಕಡೆ ನದಿ ಸಮುದ್ರವಾಗುವ ಬೆಳ್ಳಿಗೆರೆ. ಉಳ್ಳಾಲದ ದರ್ಗಾದಲ್ಲಿ ಮಲಗಿರುವ ಸಯ್ಯಿದ್ ಮುಹಮ್ಮದ್ ಶರೀಫುಲ್ ಮದನಿ ಹೆಸರೇ ಹೇಳುವಂತೆ ಮದೀನದವರು. ಶತಮಾನಗಳ ಹಿಂದೆ ನಮಾಜಿನ ಹಾಸು ಮುಸಲ್ಲಾವನ್ನು ನೀರಿನ ಮೇಲೆ ಹಾಸಿ, ಅದರ ಮೇಲೆ ಕೂತು ಸಮುದ್ರ ದಾಟಿ ಬಂದರೆಂದು ಐತಿಹ್ಯ. ಐದು ವರ್ಷಕ್ಕೊಮ್ಮೆ ಇಲ್ಲಿ ಉರೂಸ್, ಆಗ ಊರಿಗೆ ಊರೇ ಜನ. ನಾವು ಹೋದದ್ದು ಸಾದಾ ದಿನ. ಅಗರಬತ್ತಿಯ ಹೊಗೆ, ಮಲ್ಲಿಗೆ, ಹಸಿರು ಚಾದರ. ಸಾಲಿನಲ್ಲಿ ಸೀರೆಯುಟ್ಟು ಕುಂಕುಮವಿಟ್ಟ ಹೆಂಗಸರೂ ಇದ್ದರು, ತೊಟ್ಟಿಲ ಕೂಸುಗಳೂ ಇದ್ದವು. ನಾನಿ ಫಾತಿಹಾ ಓದಿ ಅತ್ತಳು. ಚಾದರದ ಅಂಚು ಮುಟ್ಟಿದ ಕೈಯನ್ನು ಫೋನಿನ ಪರದೆಗೆ, ಪರದೆಯಲ್ಲಿದ್ದ ಮರಿಮೊಮ್ಮಗಳ ಹಣೆಗೆ ಸವರಿದಳು.

ಹೆಂಗಸರ ಕಡೆಯಲ್ಲಿ ಅವಳಿಗೊಬ್ಬಳು ಗೆಳತಿ ಸಿಕ್ಕಿದಳು. ಸರೀಕ ವಯಸ್ಸು, ಮೇಲಂಗಡಿಯ ಮನೆ. ಈಕೆಗೆ ಉರ್ದು ಮತ್ತು ಹುಬ್ಬಳ್ಳಿಯ ಕನ್ನಡ, ಆಕೆಗೆ ಬ್ಯಾರಿ ಮತ್ತು ತುಳು. ಸಲಾಂ, ಮಾಶಾ ಅಲ್ಲಾ, ಆಮೀನ್ ಮುಗಿದ ಮೇಲೆ ಇಬ್ಬರೂ ಮೂಕರು. ಕೊನೆಗೆ ದುಭಾಷಿಯಾಗಿ ನಿಂತದ್ದು ಆಕೆಯ ಒಂಬತ್ತನೇ ಕ್ಲಾಸಿನ ಮೊಮ್ಮಗಳ ಕನ್ನಡ. ಇಬ್ಬರು ಮುಸ್ಲಿಂ ಅಜ್ಜಿಯರಿಗೆ ಸರಕಾರಿ ಶಾಲೆಯ ಕನ್ನಡ ಸೇತುವೆಯಾಯಿತು! "ಊಟ ಮಾಡದೆ ಹೋಗುವ ಹಾಗಿಲ್ಲ ಹೇಳ್ತಾರೆ ಉಮ್ಮಮ್ಮ" ಎಂದು ಹುಡುಗಿ ತೀರ್ಮಾನವನ್ನೇ ತರ್ಜುಮೆ ಮಾಡಿದಳು.

ಆ ಮನೆಯ ಚಾಪೆಯ ಮೇಲೆ ನನಗೆ ಸಿಕ್ಕಿದ್ದು ಮಸೀದಿಯ ಕಂಬಕ್ಕಿಂತ ಹಳೆಯದು. ನಾನಿ "ದಸ್ತರಖಾನ್ ಹಾಸ್ಲಾ?" ಎಂದಳು, ಅವರು ಅದನ್ನು 'ಸುಪ್ರ' ಎಂದರು. ನಮ್ಮದು ಪಾರಸಿ, ಅವರದು ಅರಬ್ಬಿ. ನಮ್ಮ ತಟ್ಟೆ ಅವರ 'ಸಾನ್', ಅದೂ ಅರಬ್ಬಿಯಿಂದ. ಸರಿ, ಅರಬ್ಬಿಯ ನೇರ ನಂಟಿನವರು ಅಂದುಕೊಳ್ಳುತ್ತಿದ್ದ ಹಾಗೆ ಹುಡುಗಿ ಅಜ್ಜಿಯನ್ನು "ನಿಸ್ಕಾರ ಆಯ್ತಾ" ಎಂದು ಕೇಳಿದಳು. ನಿಸ್ಕಾರ! ನಾವು ಪಾರಸಿಯಿಂದ 'ನಮಾಜ್' ತಂದುಕೊಂಡೆವು, ಇವರು 'ನಮಸ್ಕಾರ'ವನ್ನೇ ಅಲ್ಲಾಹುವಿಗೆ ಸಲ್ಲಿಸಿದರು. ನಾವು ರೋಜಾ ಇಡುತ್ತೇವೆ, ಇವರದು 'ನೋಂಬು'. ಹಳಗನ್ನಡದ ನೋಂಪಿಯ ಒಡಹುಟ್ಟು, ಜೈನರ ಮನೆಯಲ್ಲಿ ಇಂದಿಗೂ ಬದುಕಿರುವ ಮಾತು. ಮಸೀದಿ 'ಪಳ್ಳಿ', ಹಿಂದೊಮ್ಮೆ ದಕ್ಷಿಣದಲ್ಲಿ ಜೈನ, ಬೌದ್ಧ ವಿಹಾರಗಳಿಗೆ ಇದ್ದ ಹೆಸರು. ದೇವರ ಹತ್ತಿರದ ಮಾತುಗಳೆಲ್ಲ ನೆಲದವು, ಊಟದ ತಟ್ಟೆ ಮಾತ್ರ ಹಡಗಿನದು! ಇನ್ನೊಂದು ದಿಕ್ಕಿನ ಸೋಜಿಗವೂ ಇದೆ: ಕರಾವಳಿಯ ಮಧ್ಯಕಾಲದ ಕನ್ನಡ ಶಾಸನಗಳಲ್ಲಿ 'ಹಂಜಮಾನ' ಎಂಬ ವರ್ತಕರ ಸಂಘ ಬರುತ್ತದೆ, ಅದು ಪಾರಸಿಯ 'ಅಂಜುಮನ್'. ಹುಬ್ಬಳ್ಳಿಯಲ್ಲಿ ನಮ್ಮ ಅಂಜುಮನ್ ಬೋರ್ಡು ದಿನಾ ನೋಡುತ್ತೇನೆ. ಅದಕ್ಕೆ ಕಲ್ಲಿನ ಮೇಲೆ, ಕನ್ನಡ ಲಿಪಿಯಲ್ಲಿ ಒಬ್ಬ ಮುತ್ತಜ್ಜನಿದ್ದಾನೆಂದು ಯಾರಿಗೆ ಗೊತ್ತಿತ್ತು!

ಸಾನ್ ತುಂಬ ಪತ್ತಿರ್ ಬಂತು. ಬಿಳೀ, ಬಿಸೀ, ಅಕ್ಕಿಯ ರೊಟ್ಟಿ. ಜತೆಗೆ ಪಿಂಡಿ, ಹೆಸರು ಕೇಳಿ ನಾನು ಬೆಚ್ಚಿದೆ, ನಮ್ಮ ಕಡೆ ಪಿಂಡ ಎಂದರೆ ಬೇರೆಯೇ ಅಲ್ಲವೇ? ಹಬೆಯಲ್ಲಿ ಬೇಯಿಸಿದ ಪುಟ್ಟ ಅಕ್ಕಿ ಉಂಡೆಗಳು, ತೆಂಗಿನಕಾಯಿ ಅರೆದ ಮಾಂಸದ ಗಸಿಯಲ್ಲಿ ಮುಳುಗಿ ರಸ ಕುಡಿದು ಕೂತಿವೆ. ಹಲ್ಲಿಗೆ ಹತ್ತುವ ಮೊದಲು ನಾಲಗೆಗೆ ಜಾರುತ್ತವೆ. ಹಲ್ಲಿಲ್ಲದ ಇಬ್ಬರು ಅಜ್ಜಿಯರಿಗೆ ಇದಕ್ಕಿಂತ ದೊಡ್ಡ ಒಡಂಬಡಿಕೆ ಬೇಕೇ? ನಾನಿ ಎರಡು ಸಲ ಹಾಕಿಸಿಕೊಂಡಳು.

ಹೆಸರುಗಳ ಮಾತು ಬಂತು. ಇದಿನಬ್ಬ, ಹಾಜಬ್ಬ. ಉಳ್ಳಾಲದ ಶಾಸಕರೂ ಕವಿಯೂ ಆಗಿದ್ದ ಬಿ.ಎಂ. ಇದಿನಬ್ಬ, ಕಿತ್ತಳೆ ಮಾರಿ ಶಾಲೆ ಕಟ್ಟಿಸಿ ಪದ್ಮಶ್ರೀ ಪಡೆದ ಹರೇಕಳ ಹಾಜಬ್ಬ. ದಖನಿಯಲ್ಲಿ ಅಬ್ಬಾ ಎಂದರೆ ಅಪ್ಪ, ಹಾಗಾಗಿ ನಾನಿಗೆ ಇವರೆಲ್ಲ ಯಾರದೋ ಅಪ್ಪಂದಿರಾಗಿ ಕಂಡರು. "ಅಬ್ಬಕ್ಕನೂ ಇದ್ದಾಳೆ" ಎಂದಳು ಹುಡುಗಿ ಥಟ್ಟನೆ.

ಇದ್ದಳಲ್ಲ! ಉಳ್ಳಾಲದ ಚೌಟರ ರಾಣಿ, ಜೈನಳು. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರಿಗೆ ಕಪ್ಪ ಕೊಡದೆ ನಿಂತವಳು. ಅವಳ ಜತೆ ನಿಂತವರು ಮೊಗವೀರರು ಮತ್ತು ಬ್ಯಾರಿಗಳು ಎಂದು ಇಲ್ಲಿ ಮಕ್ಕಳಿಗೂ ಗೊತ್ತು. ಕಲ್ಲಿಕೋಟೆಯ ಸಾಮೂದಿರಿಯ ಕಡೆಯ ಕುಟ್ಟಿ ಪೋಕರ್ ಮರಕ್ಕಾರ್ ಪೋರ್ಚುಗೀಸರ ಮಂಗಳೂರು ಕೋಟೆಯ ಮೇಲೆ ಬಿದ್ದು, 1570ರ ಹೊತ್ತಿಗೆ ಮರಳುವ ದಾರಿಯಲ್ಲಿ ಸಮುದ್ರದಲ್ಲೇ ಸತ್ತ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ನೋಡಲೆಂದೇ ಬಂದ. ಅರಮನೆಯಲ್ಲಿ ಸಿಗಲಿಲ್ಲ, ಬರಿಗಾಲಲ್ಲಿ, ಸೊಂಟಕ್ಕೊಂದು ಬಟ್ಟೆ ಸುತ್ತಿ, ತಾಳೆಗರಿಯ ಕೊಡೆಯಡಿ, ಕಾಲುವೆ ತೋಡುವ ಕೆಲಸ ನೋಡಲು ನಡೆದು ಹೋಗುತ್ತಿದ್ದಳು. ಅಡುಗೆಯ ಹೆಂಗಸಿನ ಹಾಗಿದ್ದಾಳಲ್ಲ ಎಂದುಕೊಂಡವನಿಗೆ ಆಕೆ ಬಾಯಿ ತೆರೆದ ಮೇಲೆ ರಾಣಿ ಎಂಬುದು ತಿಳಿಯಿತು. ನಾನಿಗೆ ಇದೊಂದು ಕತೆ ಬಹಳ ಹಿಡಿಸಿತು. "ಕೆಲಸ ನೋಡಾಕ ಹೊಂಟಾಕಿ ಯಾಕ ಸಿಂಗಾರ ಮಾಡ್ಕೋಬೇಕು?"

ರಾತ್ರಿ ಬಸ್ಸಿನಲ್ಲಿ ಅವಳ ಮಡಿಲಲ್ಲಿ ಬಾಳೆಲೆಯಲ್ಲಿ ಕಟ್ಟಿದ ಪತ್ತಿರ್. ಮೂಲ್ಕಿ ಬಂತು, ಹೆದ್ದಾರಿಯ ಬದಿಯಲ್ಲೇ ಬಪ್ಪನಾಡಿನ ದುರ್ಗಾಪರಮೇಶ್ವರಿ ದೇವಸ್ಥಾನದ ದೀಪಗಳು. ಬಪ್ಪ ಬ್ಯಾರಿ ಎಂಬ ವ್ಯಾಪಾರಿಯ ಹಡಗು ಶಾಂಭವಿ ಹೊಳೆಯಲ್ಲಿ ಕದಲದೆ ನಿಂತಿತಂತೆ, ನೀರಿನಡಿ ದೇವಿ ಸಿಕ್ಕಳಂತೆ, ಗುಡಿ ಕಟ್ಟಿಸಿದವನು ಅವನೇ ಅಂತೆ. ಜಾತ್ರೆಯ ಮೊದಲ ಪ್ರಸಾದ ಇಂದಿಗೂ ಬಪ್ಪ ಬ್ಯಾರಿಯ ಮನೆತನಕ್ಕೇ ಸಲ್ಲುತ್ತದೆ. ಅರೆನಿದ್ದೆಯ ನಾನಿಗೆ ಇಷ್ಟು ಹೇಳುವಷ್ಟರಲ್ಲಿ ಬಸ್ಸು ಸೇತುವೆಗೆ ಬಂದಿತ್ತು.

ಅವಳು ಎದ್ದು ಕೂತಳು. ಕಿಟಕಿಯ ಗಾಜು ಸರಿಸಿದಳು. ಕೆಳಗೆ ಕಪ್ಪು ನೀರು, ಒಂದೇ ಒಂದು ದೋಣಿಯ ದೀಪ.

"ಎಲ್ಲಿ ನಿಂತಿತ್ತಂತ ಹಡಗು?" ಎಂದಳು. ನನಗೆ ತೋರಿಸಲು ಆಗಲಿಲ್ಲ. ಸೇತುವೆ ದಾಟುವ ತನಕ ಅವಳೇ ಹುಡುಕುತ್ತಿದ್ದಳು.